ಹೆಂಗ ಬಂದ್ರಿ ಇವತ್ತು?

ವಿದ್ಯಾರ್ಥಿಗಳು ತಂದ ಪ್ರಶ್ನಾವಳಿಯ ಮೊದಲ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಎಷ್ಟು ಕಾರುಗಳಿವೆ?’ ಎಂದಿತ್ತು. ಎರಡನೆಯದು, ವಾರಕ್ಕೆ ಎಷ್ಟು ದಿನ ಕಾರಿನಲ್ಲಿ ಕ್ಯಾಂಪಸ್ಸಿಗೆ ಬರುತ್ತೀರಿ? ಮೂರನೆಯದು, ಕಾರು ನಿಲ್ಲಿಸಲು ಜಾಗ ಹುಡುಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಕಾರಿಲ್ಲದವರಿಗೆ ಒಂದೇ ಒಂದು ಸೂಚನೆ: ಕೊನೆಯ ಪುಟಕ್ಕೆ ಹೋಗಿ. ಹೊರದೇಶದ ಯಾವುದೋ ವಿಶ್ವವಿದ್ಯಾಲಯಕ್ಕೆಂದು ಮಾಡಿದ ನಮೂನೆ ಅದು. ಅಲ್ಲಿನ ಮಟ್ಟಿಗೆ ಸರಿಯಾಗಿಯೇ ಇದ್ದೀತು. ‘ಮೊದಲು ನಿಮ್ಮನಿಮ್ಮಲ್ಲೇ ಕೇಳಿಕೊಂಡು ನೋಡಿ’ ಎಂದೆ. ಕೋಣೆಯಲ್ಲಿದ್ದವರೆಲ್ಲ ಅರ್ಧ ನಿಮಿಷದಲ್ಲಿ ಕೊನೆಯ ಪುಟ ಮುಟ್ಟಿದರು. ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಹಾಳೆ ಕೆಳಗಿಟ್ಟು, ‘ಮೇಡಂ, ನಾ ಎರಡು ತಾಸು ತೊಗೊಂಡು ಬಂದೀನ್ರಿ. ಇದ್ರಾಗ ಅದನ್ನ ಬರೀಲಾಕ ಜಾಗಾನೇ ಇಲ್ಲ’ ಅಂದಳು.

ಸಮೀಕ್ಷೆ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ದೇಶದಲ್ಲಿ ಕಾರಿರುವ ಮನೆಗಳು ಶೇ 7.5 ಮಾತ್ರ. ದ್ವಿಚಕ್ರ ವಾಹನ ಇರುವ ಮನೆಗಳು ಹೆಚ್ಚುಕಡಿಮೆ ಅರ್ಧದಷ್ಟು. ಇಂಥ ದೇಶದಲ್ಲಿ, ಅದರಲ್ಲೂ ನಮ್ಮ ಭಾಗದಲ್ಲಿ, ಕಾರಿನಿಂದ ಶುರುಮಾಡಿದ ಪ್ರಶ್ನಾವಳಿ ಬಹುಪಾಲು ಜನರನ್ನು ಮೊದಲ ಸಾಲಿನಲ್ಲೇ ಹೊರಗೆ ನಿಲ್ಲಿಸಿಬಿಡುತ್ತದೆ. ಹಾಗಂತ ಕಾರಿನ ಮಾತು ಬೇಡವೆಂದಲ್ಲ. ಕಾರು ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಜನರನ್ನು ತರುತ್ತದೆ ಎಂಬುದು ಗೊತ್ತಾಗಬೇಕಾದರೆ, ಕಾರಿಲ್ಲದವರು ಹೇಗೆ ಬರುತ್ತಾರೆ ಎಂಬ ಲೆಕ್ಕ ಪಕ್ಕದಲ್ಲಿರಬೇಕು.

ನಾನು ನಂದೂರಿನವಳು. ಕಲಬುರಗಿಯಿಂದ ಶಹಾಬಾದ ರಸ್ತೆ ಹಿಡಿದರೆ ಸಿಗುವ ಊರು. ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶ ಆದಮೇಲೆ ಹೊರಗಿನವರಿಗೂ ಹೆಸರು ಗೊತ್ತು. ನಾವು ಸಮೀಕ್ಷೆ ಮಾಡಿದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದು ಸೇಡಂ ರಸ್ತೆಯಲ್ಲಿ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಆವರಣ ಸುಮಾರು 860 ಎಕರೆ. ನಕ್ಷೆಯಲ್ಲಿ ನೋಡಿದರೆ ನಂದೂರಿಗೂ ಅದಕ್ಕೂ ಬಹಳ ದೂರವಿಲ್ಲ. ಆದರೆ ಬಸ್ಸು ನಕ್ಷೆಯ ನೇರಕ್ಕೆ ಓಡುವುದಿಲ್ಲ. ನಮ್ಮ ಕಡೆ ರಸ್ತೆಗಳೆಲ್ಲ ಊರ ನಡುವಿಗೆ ಬಂದು ಸೇರುತ್ತವೆ. ನಂದೂರಿನಿಂದ ಊರ ನಡುವಿನ ಸೂಪರ್ ಮಾರ್ಕೆಟ್, ಅಲ್ಲಿ ಇಳಿದು ಇನ್ನೊಂದು ಬಸ್ಸು ಇಲ್ಲವೇ ಟಂಟಂ ಆಟೊ, ಅಲ್ಲಿಂದ ಸೇಡಂ ರಸ್ತೆ, ಗೇಟಿನಲ್ಲಿ ಇಳಿದು ಮತ್ತೆ ನಡಿಗೆ. ಸ್ನಾತಕೋತ್ತರ ಓದುವಾಗ ಆ ದಾರಿ ನನ್ನ ದಿನಚರಿಯಾಗಿತ್ತು. ಅದೇ ಕಾರಣಕ್ಕೆ ವಿದ್ಯಾರ್ಥಿಗಳು ಇಂಥದೊಂದು ಸಮೀಕ್ಷೆ ಮಾಡುತ್ತೇವೆ ಎಂದಾಗ ಅವರ ಜೊತೆ ನಿಂತೆ. ಈ ಬರಹ ಆ ಸಮೀಕ್ಷೆಯ ವರದಿಯಲ್ಲ. ಜನ ಹೇಗೆ ಓಡಾಡುತ್ತಾರೆ ಎಂದು ಕೇಳಿ ತಿಳಿಯುವುದು ಎಂಥ ಕೆಲಸ, ಆ ಕೆಲಸ ನನಗೂ ಆ ಹುಡುಗರಿಗೂ ಏನು ಕಲಿಸಿತು ಎಂಬುದಷ್ಟೇ ಇಲ್ಲಿದೆ.

ಕಾರಿನ ಪ್ರಶ್ನೆ ತೆಗೆದುಹಾಕಿ ಅದರ ಜಾಗದಲ್ಲಿ ‘ನೀವು ಸಾಮಾನ್ಯವಾಗಿ ಹೇಗೆ ಬರುತ್ತೀರಿ?’ ಎಂದು ಬರೆಯೋಣವೆಂದು ಒಬ್ಬ ಹೇಳಿದ. ಅದನ್ನೂ ಪರೀಕ್ಷೆ ಮಾಡಿ ನೋಡಿದೆವು. ‘ಬಸ್ಸಿಗಿ ಬರ್ತೀನಿ’ ಎಂದು ಥಟ್ಟನೆ ಹೇಳಿದ ಹುಡುಗನನ್ನು ‘ಇವತ್ತು?’ ಎಂದು ಕೇಳಿದರೆ, ‘ಇವತ್ತ ಗೆಳ್ಯಾನ ಗಾಡಿ ಹಿಂದ ಕುಂತು ಬಂದೆ’ ಅಂದ. ‘ನಿನ್ನೆ?’ ‘ನಿನ್ನೆ ಬಂದಿಲ್ರಿ.’ ಸಾಮಾನ್ಯವಾಗಿ ಎಂದು ಕೇಳಿದರೆ ಮನುಷ್ಯ ತನ್ನ ಮನಸ್ಸಿನಲ್ಲಿರುವ ಚಿತ್ರ ಹೇಳುತ್ತಾನೆ. ಇವತ್ತು ಎಂದು ಕೇಳಿದರೆ ನಡೆದದ್ದು ಹೇಳುತ್ತಾನೆ. ಒಬ್ಬೊಬ್ಬರ ಇವತ್ತು ಬೇರೆಬೇರೆ ಇರಬಹುದು. ಆದರೆ ಸಾಕಷ್ಟು ಜನರನ್ನು, ಬೇರೆಬೇರೆ ವಾರಗಳಲ್ಲಿ ಕೇಳುತ್ತ ಹೋದರೆ ಅದರಿಂದಲೇ ವಾಡಿಕೆ ಹೊರಬೀಳುತ್ತದೆ. ಹೀಗೆ ನಮ್ಮ ಮೊದಲ ಪ್ರಶ್ನೆ ‘ಹೆಂಗ ಬಂದ್ರಿ ಇವತ್ತು?’ ಎಂದಾಯಿತು. ಅದನ್ನು ಹಾಳೆಯಲ್ಲೂ ಹಾಗೆಯೇ ಅಚ್ಚು ಮಾಡಿಸಿದೆವು.

ಎರಡನೆಯ ತಿದ್ದುಪಡಿ ಇನ್ನೂ ಮುಖ್ಯವಾದದ್ದು. ಉತ್ತರಕ್ಕೆ ಒಂದೇ ಚೌಕ ಕೊಟ್ಟರೆ ನಡಿಗೆ, ಕಾಯುವುದು, ಬದಲಿಸುವುದು ಎಲ್ಲ ಕಳೆದುಹೋಗುತ್ತವೆ. ಶಹಾಬಾದ, ವಾಡಿ ಕಡೆಯಿಂದ ರೈಲಿಗೆ ಬರುವವನು ಬರೀ ರೈಲಿನಲ್ಲಿ ಬರುವುದಿಲ್ಲ. ಮನೆಯಿಂದ ಸ್ಟೇಷನ್ನಿಗೆ ನಡೆದಿರುತ್ತಾನೆ. ಕಲಬುರಗಿಯಲ್ಲಿ ಇಳಿದು ಟಂಟಂ ಹಿಡಿದಿರುತ್ತಾನೆ, ಮತ್ತೆ ಬಸ್ಸಿಗೆ ಕಾದಿರುತ್ತಾನೆ. ಅದಕ್ಕೆ ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆವು. ಎಡತುದಿಗೆ ‘ಮನೆ ಬಾಗಿಲು’, ಬಲತುದಿಗೆ ‘ಕ್ಲಾಸ್ ಬಾಗಿಲು’. ನಡುವೆ ಎಲ್ಲೆಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ, ಎಲ್ಲಿ ನಿಂತಿರಿ ಎಂದು ಅವರೇ ಗುರುತು ಹಾಕಬೇಕು. ಗುರುತಿನ ಕೆಳಗೆ ಗಂಟೆ.

ಗಂಟೆ ಬರೆಯುವುದೇ ಕಷ್ಟವಾಗಿತ್ತು. ಯಾರಿಗೂ ನೆನಪಿರುವುದಿಲ್ಲ. ಅಫಜಲಪುರ ಕಡೆಯ ಹುಡುಗನೊಬ್ಬ ಅದಕ್ಕೊಂದು ದಾರಿ ಕಂಡುಹಿಡಿದ. ಬಸ್ ಟಿಕೆಟನ್ನು ಮಡಚಿ ನೋಟ್‌ಬುಕ್ಕಿನಲ್ಲಿ ಗುರುತಿಗೆ ಇಡುವುದು ಅವನ ರೂಢಿ. ಕಂಡಕ್ಟರ್ ಕೈಯ ಮಷಿನ್ ಕೊಡುವ ಆ ಸಣ್ಣ ಚೀಟಿಯಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಅಚ್ಚಾಗಿರುತ್ತದೆ. ‘ಟಿಕೆಟ್ ಅದಾ ನೋಡ್ರಿ ಬ್ಯಾಗಿನ್ಯಾಗ’ ಎಂದು ಕೇಳತೊಡಗಿದ ಮೇಲೆ ಬ್ಯಾಗುಗಳು ತೆರೆದುಕೊಂಡವು. ಹೊರಟದ್ದು ಎಂಟಕ್ಕೆ ಎಂದು ಹೇಳುತ್ತಿದ್ದವರ ಚೀಟಿ ಏಳೂಕಾಲು ಎನ್ನುತ್ತಿತ್ತು. ತಮ್ಮ ದಾರಿ ಇಷ್ಟು ಉದ್ದವೆಂದು ಹೇಳಿಕೊಳ್ಳಲು ಅವರಿಗೇ ಮನಸ್ಸಿರಲಿಲ್ಲವೇನೋ. ಬಿಸಿಲಿಗೆ ಅಕ್ಷರ ಮಾಸಿದ ಆ ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಗಾಡಿಯೊಳಗೆ ಕೂತ ಹೊತ್ತಿಗಿಂತ ಗಾಡಿ ಹತ್ತುವ ಮೊದಲು ಮತ್ತು ಇಳಿದ ಮೇಲೆ ಕಳೆದ ಹೊತ್ತು ಎಷ್ಟು ಭಾರವಾದದ್ದು ಎಂದು ಹುಡುಗರಿಗೇ ಕಂಡಿತು.

ಮಹಿಳೆಯರ ವಿಷಯಕ್ಕೆ ಬಂದಾಗ ಈ ಚೀಟಿ ಇನ್ನೊಂದು ಕಥೆ ಹೇಳಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದಮೇಲೆ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ. ಹಿಂದೆ ಎಷ್ಟು ವಿದ್ಯಾರ್ಥಿಗಳು ಬಸ್ಸಿಗೆ ಬರುತ್ತಾರೆ ಎಂದು ತಿಳಿಯಲು ಪಾಸುಗಳ ಲೆಕ್ಕ ನೋಡಿದರೆ ನಡೆಯುತ್ತಿತ್ತು. ಈಗ ಹುಡುಗಿಯರಿಗೆ ಪಾಸಿನ ಹಂಗಿಲ್ಲ. ಪಾಸು ಎಣಿಸಿದರೆ ಬಸ್ಸಿಗೆ ಬರುವ ಹುಡುಗಿಯರು ಕಾಗದದ ಮೇಲೆ ಮಾಯವಾಗುತ್ತಾರೆ. ಬಸ್ಸು ತುಂಬಿ ಬಂದಿರುತ್ತದೆ, ಪುಸ್ತಕದಲ್ಲಿ ಕಾಣುವುದಿಲ್ಲ. ಹಳೆಯ ಲೆಕ್ಕದ ದಾರಿಯನ್ನು ಹೊಸ ಕಾಲಕ್ಕೆ ಹಾಗೇ ಎಳೆದರೆ ಹೀಗಾಗುತ್ತದೆ.

ಆದರೆ ಬಾಡಿಗೆ ಸೊನ್ನೆಯಾದ ಮಾತ್ರಕ್ಕೆ ಹುಡುಗಿಯರ ಪಯಣದ ಎಲ್ಲ ಗಂಟು ಬಿಚ್ಚುವುದಿಲ್ಲ. ‘ಎಷ್ಟಕ್ಕೆ ಮನೆ ಮುಟ್ಟಬೇಕು?’ ಎಂಬ ಪ್ರಶ್ನೆಯನ್ನು ಹುಡುಗರಿಗೂ ಹುಡುಗಿಯರಿಗೂ ಕೇಳಿದೆವು. ಹುಡುಗರು ಪ್ರಶ್ನೆಯೇ ಅರ್ಥವಾಗದವರಂತೆ ನೋಡಿದರು. ಹುಡುಗಿಯರು ಗಂಟೆ, ನಿಮಿಷ ಸಮೇತ ಹೇಳಿದರು. ಕಮಲಾಪುರ ಕಡೆಯ ಹಳ್ಳಿಯವಳೊಬ್ಬಳು ವಿವರಿಸಿದ್ದು ಹೀಗೆ: ‘ಹುಮನಾಬಾದ ರೋಡಿಗಿ ಬಸ್ ಸಾಕಷ್ಟು ಅವರಿ. ಕಮಲಾಪುರ ತನಕ ಏನೂ ತ್ರಾಸಿಲ್ಲ. ಅಲ್ಲಿಂದ ನಮ್ಮೂರಿಗಿ ಹೋಗೂ ಗಾಡಿ ತಪ್ಪಿತಂದ್ರ ಅಣ್ಣಗ ಫೋನ್ ಮಾಡಬೇಕು. ಅಣ್ಣ ಹೊಲದಾಗಿಂದ ಗಾಡಿ ತೊಗೊಂಡು ಬರಬೇಕು. ದಿನಾ ಹಂಗ ಮಾಡಿದ್ರ ಸಾಲಿ ಬಿಡ್ಸ್ತಾರ.’ ಕೊನೆಯ ಆರೇಳು ಕಿಲೋಮೀಟರು ಅವಳ ಲೈಬ್ರರಿಯ ಹೊತ್ತನ್ನು ನಿರ್ಧರಿಸುತ್ತಿತ್ತು. ಮಧ್ಯಾಹ್ನದ ಮೇಲಿನ ತರಗತಿ, ಪ್ರಯೋಗಾಲಯ, ಸಂಜೆಯ ಉಪನ್ಯಾಸ ಇವೆಲ್ಲ ಅವಳ ಪಾಲಿಗೆ ಬಸ್ಸಿನ ವೇಳೆಯ ಮೇಲೆ ನಿಂತ ವಿಷಯಗಳು. ಪ್ರಯಾಣದ ಸಮೀಕ್ಷೆಯಲ್ಲಿ ‘ಪ್ರಯಾಣದಿಂದಾಗಿ ಏನನ್ನು ಬಿಟ್ಟಿರಿ?’ ಎಂಬ ಪ್ರಶ್ನೆ ಇರಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ. ಆ ಪ್ರಶ್ನೆಗೆ ಬಂದ ಉತ್ತರಗಳೇ ನಮ್ಮ ಹಾಳೆಗಳಲ್ಲಿ ಎಲ್ಲಕ್ಕಿಂತ ಉದ್ದವಾಗಿದ್ದವು.

ಹುಡುಗಿಯರನ್ನು ಹುಡುಗಿಯರೇ ಕೇಳಬೇಕು ಎಂಬುದೂ ಅಲ್ಲೇ ಗೊತ್ತಾಯಿತು. ಯಾರ ಗಾಡಿಯ ಹಿಂದೆ ಕೂತು ಬಂದೆ ಎಂಬ ಪ್ರಶ್ನೆ ಕೇಳುವುದು ಸುಲಭ, ಉತ್ತರ ಹೇಳುವುದು ಸುಲಭವಲ್ಲ. ಯಾರು ಎಂದು ಬರೆಯುವುದು ಬೇಡ, ಎಷ್ಟು ಜನ ಎಂದಷ್ಟೇ ಸಾಕು, ಹಾಳೆಯ ಮೇಲೆ ಹೆಸರೂ ಬೇಡ, ನೋಂದಣಿ ಸಂಖ್ಯೆಯೂ ಬೇಡ ಎಂದು ಗೊತ್ತುಮಾಡಿಕೊಂಡೆವು. ಅದರ ನಂತರ ಉತ್ತರಗಳ ಬಿಗುಪು ಕಡಿಮೆಯಾಯಿತು.

ಇನ್ನು ಎಲ್ಲಿ ನಿಂತು ಕೇಳಬೇಕು? ಹುಡುಗರಿಗೆ ಗೇಟು ಇಷ್ಟ. ನೆರಳಿದೆ, ಚಹಾ ಸಿಗುತ್ತದೆ, ಬರುವವರೆಲ್ಲ ಕಣ್ಣಿಗೆ ಬೀಳುತ್ತಾರೆ. ಆದರೆ ಗೇಟಿನಲ್ಲಿ ನಿಂತರೆ ಬಂದವರು ಮಾತ್ರ ಸಿಗುತ್ತಾರೆ. ಅದರಲ್ಲೂ ನಿಧಾನವಾಗಿ ಹೋಗುವವರು ಸಿಗುತ್ತಾರೆ, ತಡವಾಗಿ ಓಡುವವರು ನಿಲ್ಲುವುದಿಲ್ಲ. ತಡವಾಗಿ ಓಡುವವರದೇ ನಮಗೆ ಬೇಕಾದ ಕಥೆ. ಪಾರ್ಕಿಂಗ್ ಹತ್ತಿರ ನಿಂತರೆ ಎಲ್ಲರೂ ಗಾಡಿ ಇರುವವರು. ಹಾಸ್ಟೆಲ್ ಹತ್ತಿರ ನಿಂತರೆ ಎಲ್ಲರೂ ನಡೆಯುವವರು. ಹಾಗಾಗಿ ತರಗತಿಯ ಹಾಜರಿ ಪಟ್ಟಿ ಹಿಡಿದು, ಕ್ರಮಸಂಖ್ಯೆಯಲ್ಲಿ ಇಷ್ಟಿಷ್ಟು ಬಿಟ್ಟು ಒಬ್ಬೊಬ್ಬರನ್ನು ಆಯ್ದುಕೊಂಡೆವು. ಆಯ್ದವರು ಅವತ್ತು ಬಂದಿರದಿದ್ದರೆ ಪಕ್ಕದವರನ್ನು ಕೇಳಿ ಮುಗಿಸುವ ಹಾಗಿಲ್ಲ. ಮರುದಿನ ಹೋಗಬೇಕು, ಆಮೇಲೂ ಹೋಗಬೇಕು, ಸಿಗದಿದ್ದರೆ ಫೋನ್ ಮಾಡಬೇಕು. ಬೇಸರದ ಕೆಲಸ. ಆದರೆ ಬಾರದವರ ಉತ್ತರ ಸಿಕ್ಕದ್ದು ಹೀಗೆಯೇ. ತೊಗರಿ ರಾಶಿಯ ಕಾಲ ಅದು. ಡಿಸೆಂಬರ್, ಜನವರಿಯಲ್ಲಿ ನಮ್ಮ ಜಿಲ್ಲೆಯ ರೈತರ ಮಕ್ಕಳು ಎಲ್ಲಿರುತ್ತಾರೆ ಎಂದು ಯಾರಿಗೆ ಹೇಳಿಕೊಡಬೇಕು? ಆ ತಿಂಗಳು ಕ್ಯಾಂಪಸ್ಸಿನಲ್ಲಿ ಕಾಣುವ ಗಾಡಿಗಳ ಲೆಕ್ಕಕ್ಕೂ ಆಗಸ್ಟಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.

ಬೇಸಿಗೆ ಬಂದರೆ ಇನ್ನೊಂದು ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಬೇರೆ ಉಪಾಯವಿಲ್ಲ. ಜನವರಿಯಲ್ಲಿ ಗೇಟಿನಿಂದ ವಿಭಾಗದವರೆಗೆ ಮಾತಾಡುತ್ತ ನಡೆದು ಹೋಗುವ ಹುಡುಗರೇ ಏಪ್ರಿಲಿನಲ್ಲಿ ಹೋಗುವ ಬರುವ ಗಾಡಿಗೆಲ್ಲ ಕೈ ಅಡ್ಡ ಹಿಡಿಯುತ್ತಾರೆ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ಊರಿನ ಬಸ್ಸುಗಳೆಲ್ಲ ತುಂಬಿರುತ್ತವೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಜಾಗ ಸಿಗುತ್ತದೆಯೇ ಎಂದು ಕೇಳಿ, ಬಂದ ಉತ್ತರವನ್ನು ವರ್ಷಪೂರ್ತಿಗೆ ಅನ್ವಯಿಸಿದರೆ ಅದು ಸಮೀಕ್ಷೆಯಲ್ಲ. ಒಂದೇ ವಾರದಲ್ಲಿ ಎಲ್ಲ ಹಾಳೆ ತುಂಬಿಸಿ ಮುಗಿಸಬೇಕೆಂಬ ಅವಸರವನ್ನು ವಿದ್ಯಾರ್ಥಿಗಳು ಮೊದಲು ಬಿಡಬೇಕು, ಅವರಿಗೆ ಅಂಕ ಕೊಡುವವರೂ ಬಿಡಬೇಕು.

ಹಣದ ಪ್ರಶ್ನೆಗೆ ಬರುತ್ತೇನೆ. ತಿಂಗಳಿಗೆ ಎಷ್ಟು ಲೀಟರ್ ಪೆಟ್ರೋಲ್, ಎಷ್ಟು ಖರ್ಚು ಎಂದು ಬರೆದಿದ್ದೆವು. ಗಾಡಿ ಓಡಿಸುವ ಹುಡುಗರಲ್ಲಿ ಯಾರೂ ಲೀಟರಿನಲ್ಲಿ ಯೋಚಿಸುವುದಿಲ್ಲ. ‘ನೂರರದ್ದು ಹಾಕಸ್ತೀನ್ರಿ, ಎರಡು ದಿನ ಬರ್ತದ. ಕೈಯಾಗ ರೊಕ್ಕ ಇದ್ರ ಎರಡ್ನೂರರದ್ದು.’ ಪಾಳಿಯ ಮೇಲೆ ಹಾಕಿಸುವವರೂ ಇದ್ದರು. ಗಾಡಿ ಒಬ್ಬನದು, ಸೋಮವಾರದ ಪೆಟ್ರೋಲ್ ಇವನದು, ಬುಧವಾರದ್ದು ಅವನದು. ಹಾಗಾಗಿ ‘ಹೋದ ಸಲ ಎಷ್ಟರದ್ದು ಹಾಕಿಸಿದಿರಿ, ಅದು ಎಷ್ಟು ದಿನ ಬಂತು, ರೊಕ್ಕ ಯಾರು ಕೊಟ್ಟರು?’ ಎಂದು ಪ್ರಶ್ನೆಯನ್ನು ಮೂರು ತುಂಡು ಮಾಡಿದೆವು. ಉತ್ತರ ಸರಾಗವಾಗಿ ಬಂತು. ಮನೆಯಿಂದ ತಿಂಗಳಿಗಿಷ್ಟು ಎಂದು ಎಣಿಸಿ ಕೊಡುವ ಹಣದಲ್ಲಿ ಪೆಟ್ರೋಲ್ ಮತ್ತು ಮಧ್ಯಾಹ್ನದ ಊಟ ಎರಡೂ ಒಂದೇ ಜೇಬಿನಿಂದ ಹೋಗುತ್ತವೆ. ಪೆಟ್ರೋಲ್ ಏರಿದರೆ ಇಳಿಯುವುದು ಊಟ. ಇದನ್ನು ನಾವು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು. ಹಾಳೆಯ ಅಂಚಿನಲ್ಲಿ ಬರೆದುಕೊಂಡೆವು.

ಎಣಿಕೆಯ ಕೆಲಸವೂ ಇತ್ತು. ಬೆಳಗಿನ ಹೊತ್ತು ಗೇಟಿನಲ್ಲಿ ಇಬ್ಬಿಬ್ಬರನ್ನು ಕೂರಿಸಿದೆವು. ಒಬ್ಬರು ಗಾಡಿ ಎಣಿಸಬೇಕು, ಇನ್ನೊಬ್ಬರು ತಲೆ ಎಣಿಸಬೇಕು. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದದ್ದೇ ಈ ಇಡೀ ಕೆಲಸದ ತಿರುಳು ಎಂದು ನನಗನ್ನಿಸುತ್ತದೆ. ಗಾಡಿಗಳ ಪಟ್ಟಿಯಲ್ಲಿ ಬಸ್ಸು ಒಂದು ಗೀಟು, ಕಾರು ಒಂದು ಗೀಟು. ತಲೆಗಳ ಪಟ್ಟಿಯಲ್ಲಿ ಬಸ್ಸು ಇಡೀ ಸಾಲು ಹಿಡಿಯುತ್ತದೆ, ಕಾರಿನ ಮುಂದೆ ಹೆಚ್ಚಾಗಿ ಒಂದೇ ಗೀಟು.

ರಸ್ತೆಯ ಎಂಜಿನಿಯರುಗಳು ಸಂಚಾರವನ್ನು ಅಳೆಯುವುದು ಕಾರಿನ ಲೆಕ್ಕದಲ್ಲಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ, ಹಳ್ಳಿಗಾಡಿನ ರಸ್ತೆಗಳಿಗೆ ಕೊಟ್ಟ ಕೋಷ್ಟಕದಂತೆ, ಕಾರು 1 ಆದರೆ ಮೋಟರ್‌ಸೈಕಲ್ಲು 0.5, ಸೈಕಲ್ಲೂ 0.5, ಬಸ್ಸು 3, ಎತ್ತಿನ ಬಂಡಿ 8. ರಸ್ತೆಯ ಮೇಲೆ ಎಷ್ಟು ಅಡ್ಡಿಯಾಗುತ್ತದೆ ಎಂಬುದರ ಲೆಕ್ಕವದು, ರಸ್ತೆಯ ಅಗಲ ಗೊತ್ತುಮಾಡಲು ಬೇಕು. ಆದರೆ ಆ ಕೋಷ್ಟಕವನ್ನಷ್ಟೇ ಹಿಡಿದು ನೋಡಿದರೆ ಅರವತ್ತು ಜನರನ್ನು ಇಳಿಸಿದ ಬಸ್ಸು ಮೂರು ಕಾರಿನಷ್ಟು ತೊಂದರೆ ಎಂದಷ್ಟೇ ಕಾಣುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಈ ದೃಷ್ಟಿಯನ್ನೇ ಬದಲಿಸಲು ಹೊರಟಿತ್ತು. ರಸ್ತೆಯ ಜಾಗ ಹಂಚುವಾಗ ವಾಹನವನ್ನಲ್ಲ, ಜನರನ್ನು ನೋಡಿ ಎಂಬುದು ಅದರ ಸಾರ. ನೀತಿಯ ಆ ಮಾತನ್ನು ನಾನು ಪಾಠದಲ್ಲಿ ಹೇಳಿದ್ದೇನೆ. ಗೇಟಿನಲ್ಲಿ ಕೂತು ಎರಡು ಪಟ್ಟಿ ಬರೆದ ಹುಡುಗರಿಗೆ ಅದನ್ನು ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ತಲೆ ಎಣಿಸುವಾಗ ಇನ್ನೊಂದು ಸತ್ಯ ಹೊರಬಿತ್ತು. ಹಾಳೆಯಲ್ಲಿ ‘ಗಾಡಿಯ ಮೇಲೆ ಎಷ್ಟು ಜನ?’ ಎಂದರೆ ಎಲ್ಲರೂ ಒಬ್ಬರು, ಇಬ್ಬರು ಎನ್ನುತ್ತಾರೆ. ಗೇಟಿನಲ್ಲಿ ಕಣ್ಣಾರೆ ಕಾಣುವುದು ಮೂವರು. ಕಾನೂನು ಗೊತ್ತು, ದಂಡ ಗೊತ್ತು. ಆದ್ದರಿಂದ ಹಾಳೆಯ ಮೇಲೆ ಮೂವರಿಲ್ಲ. ಕೇಳಿದ್ದನ್ನೂ ಕಂಡದ್ದನ್ನೂ ಎರಡನ್ನೂ ಇಟ್ಟುಕೊಂಡರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಯಾವ ಹೊತ್ತಿನಲ್ಲಿ ಮೂವರು ಹೆಚ್ಚು ಎಂದು ನೋಡಿದರೆ ಅದು ತರಗತಿ ಶುರುವಾಗುವ ಮುನ್ನಿನ ಕೊನೆಯ ಗಳಿಗೆ. ಬಸ್ಸು ತಪ್ಪಿಸಿಕೊಂಡವನನ್ನು ಗೆಳೆಯರು ಬಿಟ್ಟು ಬರುವುದಿಲ್ಲ.

ಸೈಕಲ್ಲು ಯಾಕೆ ಇಷ್ಟು ಕಡಿಮೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸೇಡಂ ರಸ್ತೆಯನ್ನು ನೋಡಿದವರಿಗೆ ಉತ್ತರ ಗೊತ್ತು. ಅದೇ ರಸ್ತೆಯಲ್ಲಿ ಇಎಸ್‌ಐಸಿ ಆಸ್ಪತ್ರೆ, ಬುದ್ಧ ವಿಹಾರ, 2019ರ ನವೆಂಬರ್ 22ರಂದು ಶುರುವಾದ ವಿಮಾನ ನಿಲ್ದಾಣ. ಮುಂದೆ ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳೂ ಅದೇ ರಸ್ತೆಗೆ. ಊರಿನಿಂದ ಗೇಟಿನ ತನಕ ಸೈಕಲ್ಲಿಗೆ ಧೈರ್ಯ ಬೇಕು. ಗೇಟಿನ ಒಳಗೆ ಮಾತ್ರ ಸೈಕಲ್ಲಿಗಿಂತ ಒಳ್ಳೆಯ ಸಾಧನ ಇಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಬಂತು. ಒಂದು ಕಡೆ ಎತ್ತಿಕೊಂಡು ಇನ್ನೊಂದು ಕಡೆ ಬಿಡುವ ಕ್ರಮ. 860 ಎಕರೆಯ ಆವರಣಕ್ಕೆ ಅಂಥದ್ದು ಹೊಂದುತ್ತದೆ ಎಂದು ನಮ್ಮ ಹುಡುಗರು ಬರೆದರು. ನನಗೂ ಅದು ಸರಿ ಎನಿಸಿತು.

ಕಾರಿನವರನ್ನೂ ಕೇಳಿದೆವು, ಆದರೆ ಬೇರೆ ಬಗೆಯಲ್ಲಿ. ಹುಡುಗರ ದನಿಯಲ್ಲಿ ಮೊದಮೊದಲು ಸ್ವಲ್ಪ ಆಪಾದನೆ ಇತ್ತು. ‘ಒಬ್ಬರೇ ಯಾಕೆ ಕಾರಿನಲ್ಲಿ ಬರುತ್ತೀರಿ?’ ಎಂದು ಕೇಳಿದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ‘ಬರುವಾಗ ಎಲ್ಲೆಲ್ಲಿ ನಿಂತು ಬಂದಿರಿ?’ ಎಂದು ಕೇಳಿಸಿದೆ. ಆಗ ಗೊತ್ತಾಯಿತು: ಒಬ್ಬರು ಮಗಳನ್ನು ಶಾಲೆಗೆ ಬಿಟ್ಟು ಬಂದಿದ್ದಾರೆ, ಹೋಗುವಾಗ ತಾಯಿಯನ್ನು ಡಯಾಲಿಸಿಸ್‌ನಿಂದ ಕರೆದುಕೊಂಡು ಹೋಗಬೇಕು. ಇನ್ನೊಬ್ಬರ ಮನೆ ಆಳಂದ ರಸ್ತೆಯ ಕಡೆ, ಊರಿನ ಆ ತುದಿ. ಮತ್ತೊಬ್ಬರು ನೇರವಾಗಿ, ‘ಬಿಸಿಲು ತಡೆಯೂದಿಲ್ಲಮ್ಮ, ಬಿಪಿ ಅದ’ ಅಂದರು. ಗೇಟಿನಲ್ಲಿ ಒಬ್ಬರೇ ಕಂಡ ಕಾರು ಒಂದು ತಾಸಿನ ಹಿಂದೆ ತುಂಬಿತ್ತು. ಇದರಿಂದ ಕಾರಿನ ಜಾಗದ ಲೆಕ್ಕ ಬದಲಾಗುವುದಿಲ್ಲ, ಆದರೆ ಕಾರಿನವರ ಮೇಲಿನ ಸಿಟ್ಟಿನಿಂದ ಯಾವ ಪರಿಹಾರವೂ ಹುಟ್ಟುವುದಿಲ್ಲ ಎಂಬುದು ಹುಡುಗರಿಗೆ ಮನವರಿಕೆಯಾಯಿತು.

ಕಾರು ನಿಲ್ಲುವ ಜಾಗಕ್ಕೆ ಮಧ್ಯಾಹ್ನ ಹೋಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬೇವಿನ ಮರದ ನೆರಳು ಎಲ್ಲಿದೆಯೋ ಕಾರು ಅಲ್ಲಿ. ಬೆಳಿಗ್ಗೆ ಮರದ ಪಶ್ಚಿಮಕ್ಕೆ ನಿಂತದ್ದು ಊಟದ ಹೊತ್ತಿಗೆ ಪೂರ್ವಕ್ಕೆ ಸರಿದಿರುತ್ತದೆ. ಇಳಿಹೊತ್ತಿನ ನೆರಳನ್ನು ಅಂದಾಜು ಮಾಡಿ ಚಾಲಕರು ಮೊದಲೇ ಜಾಗ ಹಿಡಿದಿರುತ್ತಾರೆ. ಬೈಕುಗಳು ಕಾಂಡಕ್ಕೆ ಅಂಟಿಕೊಂಡು ಸುತ್ತಲೂ ನಿಲ್ಲುತ್ತವೆ, ಸೀಟಿನ ಮೇಲೆ ಒಂದೊಂದು ರಟ್ಟು, ಟವೆಲ್ಲು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ 2005ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಪುಕ್ಕಟೆ ಪಾರ್ಕಿಂಗ್ ಎಂಬುದು ಪುಕ್ಕಟೆಯಲ್ಲ, ಅದರ ಖರ್ಚನ್ನು ಕಾರಿಲ್ಲದವರೂ ಹೊರುತ್ತಾರೆ ಎಂದು ವಾದಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಬಂದ ಕಾನೂನು, ನೌಕರರ ಪಾರ್ಕಿಂಗ್ ಖರ್ಚು ಹೊರುವ ಕೆಲವು ಕಂಪನಿಗಳು ಕಾರು ತರದ ನೌಕರರಿಗೆ ಅಷ್ಟೇ ಹಣ ಕೊಡಬೇಕು ಎಂದಿತು. ನಮ್ಮ ಆವರಣದಲ್ಲಿ ನೆಲಕ್ಕೆ ಬರವಿಲ್ಲ, ಹಾಗಾಗಿ ಆ ಲೆಕ್ಕ ನೇರವಾಗಿ ಕೂಡುವುದಿಲ್ಲ. ನಮ್ಮಲ್ಲಿ ಬೆಲೆಬಾಳುವುದು ನೆರಳು. ಗಾಡಿ ನಿಲ್ಲಲು ನೆರಳು ಬೇಕು ಸರಿ, ನಡೆಯುವವರ ದಾರಿಯುದ್ದಕ್ಕೂ ಮರ ಬೇಕು ಎಂದು ಯಾಕೆ ಮೊದಲು ಕೇಳಬಾರದು? ವಿದ್ಯಾರ್ಥಿಗಳ ಸಲಹೆಗಳಲ್ಲಿ ಇದೇ ಮೊದಲನೆಯದು. ಬಸ್ಸು ನಿಲ್ಲುವ ಜಾಗದಿಂದ ವಿಭಾಗಗಳ ತನಕ ಎರಡೂ ಬದಿ ಬೇವು, ಹೊಂಗೆ. ಖರ್ಚು ಕಡಿಮೆ, ಕಾಯಬೇಕಾದ ವರ್ಷ ಹೆಚ್ಚು. ಅದಕ್ಕೇ ಈ ಮಳೆಗಾಲದಲ್ಲೇ ನೆಡಬೇಕು.

ಒಳರಸ್ತೆಗಳ ವೇಗದ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಲುಕಿ ತೀವ್ರವಾಗಿ ಗಾಯಗೊಂಡು ಮುಂದೆ ತೀರಿಕೊಂಡಳು. ವಿದ್ಯಾರ್ಥಿಗಳು ರಸ್ತೆಗಿಳಿದು ಆವರಣದೊಳಗೆ ಹೊರಗಿನ ವಾಹನಗಳ ಸಂಚಾರ ನಿಲ್ಲಿಸಬೇಕೆಂದು ಪ್ರತಿಭಟಿಸಿದರು. ಎಣಿಕೆಗಳು ಸಾವಿಗಿಂತ ಮೊದಲೇ ಆಗಬೇಕು. ಯಾವ ತಿರುವಿನಲ್ಲಿ ಎಷ್ಟು ಜನ ರಸ್ತೆ ದಾಟುತ್ತಾರೆ, ಯಾವ ಹೊತ್ತಿನಲ್ಲಿ ಗಾಡಿಗಳು ವೇಗವಾಗಿ ಬರುತ್ತವೆ ಎಂಬುದನ್ನು ವಿದ್ಯಾರ್ಥಿಗಳೇ ಬರೆದಿಡಬಲ್ಲರು. ಅದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ಪೆನ್ನು, ಬಿಸಿಲು ತಡೆಯುವ ಟೋಪಿ.

ಭಾಷೆಯ ಬಗ್ಗೆ ಒಂದೆರಡು ಮಾತು. ಪ್ರಶ್ನಾವಳಿ ಕೈಗೆ ಕೊಟ್ಟು ‘ತುಂಬಿ ಕೊಡಿ’ ಎಂದರೆ ಸಿಗುವ ಉತ್ತರ ಒಣಕಲು. ಪಕ್ಕದಲ್ಲಿ ಕೂತು ಮಾತಾಡಿಸಿದರೆ ಬೇರೆ. ನಮ್ಮ ತಂಡದಲ್ಲಿ ಉರ್ದು ಬಲ್ಲವರಿದ್ದರು, ಮರಾಠಿ ಬಲ್ಲವರಿದ್ದರು, ಸೇಡಂ ಗಡಿಯ ತೆಲುಗು ಬಲ್ಲವನಿದ್ದ. ತೋಟದ ಕೆಲಸದವರು, ಕಸ ಗುಡಿಸುವ ಹೆಂಗಸರು, ಕ್ಯಾಂಟೀನಿನ ಹುಡುಗರು, ಕಾವಲಿನವರು ಇವರನ್ನೂ ಮಾತಾಡಿಸಿದ್ದು ಈ ಬಲದಿಂದ. ವಿಶ್ವವಿದ್ಯಾಲಯದ ಸಮೀಕ್ಷೆ ಎಂದರೆ ವಿದ್ಯಾರ್ಥಿ ಮತ್ತು ಪ್ರಾಧ್ಯಾಪಕ ಎಂದೇ ಎಲ್ಲರೂ ತಿಳಿಯುತ್ತಾರೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವರು ಬೇರೆ ಜನ. ಅವರು ಹೊರಡುವ ಹೊತ್ತಿಗೆ ಮೊದಲ ಬಸ್ಸು ಹೊರಟಿರುತ್ತದೆಯೇ ಎಂಬ ಪ್ರಶ್ನೆ ಯಾವ ನಮೂನೆಯಲ್ಲೂ ಇರಲಿಲ್ಲ. ನಾವು ಸೇರಿಸಿದೆವು. 2011ರ ಜನಗಣತಿ ಕೂಡ ಕೆಲಸಕ್ಕೆ ಹೋಗುವ ದೂರ ಮತ್ತು ಬಗೆಯನ್ನು ಕೇಳಿದ್ದು ಕೃಷಿ ಮತ್ತು ಮನೆಗೈಗಾರಿಕೆ ಬಿಟ್ಟು ಬೇರೆ ದುಡಿಮೆ ಮಾಡುವವರನ್ನು. ಕಲಿಯಲು ಓಡಾಡುವವರು ಜನಗಣತಿಯ ಆ ಲೆಕ್ಕದಲ್ಲಿ ಇಲ್ಲ. ಒಂದು ಊರಿನ ವಿದ್ಯಾರ್ಥಿಗಳು ಮಾಡುವ ಸಣ್ಣ ಸಮೀಕ್ಷೆಗೂ ಬೆಲೆ ಬರುವುದು ಇಂಥ ಕಡೆ.

ಸಮೀಕ್ಷೆ ಮುಗಿದ ಮೇಲೆ ಹಾಳೆಗಳನ್ನು ಕಟ್ಟಿ ಕಪಾಟಿಗೆ ಸೇರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಉತ್ತರ ಕೊಟ್ಟವರಿಗೆ ಆಮೇಲೆ ಏನಾಯಿತೆಂದು ಯಾರೂ ಹೇಳುವುದಿಲ್ಲ. ಅದಕ್ಕೇ ಮುಂದಿನ ಸಲ ಜನ ಹಾಳೆ ನೋಡಿದರೆ ಸರಿದು ಹೋಗುತ್ತಾರೆ. ನಮ್ಮ ವಿದ್ಯಾರ್ಥಿಗಳು ಮುಖ್ಯವಾಗಿ ಕಂಡದ್ದನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಎಲ್ಲಿ ಕೇಳಿದ್ದರೋ ಅಲ್ಲೆಲ್ಲ ಅಂಟಿಸಿದರು: ವಿಭಾಗಗಳ ನೋಟಿಸ್ ಬೋರ್ಡಿನಲ್ಲಿ, ಹಾಸ್ಟೆಲಿನಲ್ಲಿ, ಕ್ಯಾಂಟೀನಿನ ಗೋಡೆಗೆ. ಓದಿದವರು ಬಂದು ತಿದ್ದಿದರು. ‘ನಮ್ಮೂರ ಬಸ್ ಈಗ ಆ ಟೈಮಿಗಿ ಬರೂದಿಲ್ಲ’ ಎಂದು ಪೆನ್ನಿನಿಂದ ಅಲ್ಲೇ ಬರೆದವರೂ ಇದ್ದರು. ಆ ತಿದ್ದುಪಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು.

ನಿಮ್ಮ ಕಾಲೇಜಿಗೋ ಕಚೇರಿಗೋ ನಿಲ್ದಾಣಕ್ಕೋ ಹಾಳೆ ಹಿಡಿದು ಒಬ್ಬ ವಿದ್ಯಾರ್ಥಿ ಬಂದರೆ ದಯವಿಟ್ಟು ಹತ್ತು ನಿಮಿಷ ಕೊಡಿ. ದಿನಾ ಬರುವ ಹಾಗೆ ಬಂದೆ ಎಂದು ಮುಗಿಸಬೇಡಿ. ಇವತ್ತು ಮನೆ ಬಾಗಿಲು ದಾಟಿದ್ದು ಎಷ್ಟಕ್ಕೆ, ಎಲ್ಲಿ ಕಾದಿರಿ, ಯಾರ ಗಾಡಿ ಹತ್ತಿದಿರಿ, ಎಷ್ಟು ದೂರ ನಡೆದಿರಿ, ಸಂಜೆ ಎಷ್ಟಕ್ಕೆ ಹೊರಡಲೇಬೇಕು ಎಂದು ಪೂರ್ತಿ ಹೇಳಿ. ಅವರ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಹಿಂಬದಿಯಲ್ಲಿ ಬರೆಯಿಸಿ.